ಗಾಡಿ ಮಾತು: ಆಕ್ಸಿಲರೇಟರ್ ಒತ್ತದಿದ್ದರೂ ಅಬ್ಬರಿಸುವ ಎಂಜಿನ್

ಮಳೆ ಬಿಟ್ಟು ಕಾಫಿ ಕೊಯ್ಲಿನ ತಯಾರಿ ಶುರುವಾಯಿತೆಂದರೆ ನನಗೆ ಬರುವ ಕಾಗದಗಳ ಕಾಯಿಲೆಯೂ ಒಂದೇ ಆಗಿಬಿಡುತ್ತದೆ. ಗಾಡಿ ಶೆಡ್ಡಿನಲ್ಲಿ ನಿಂತಿತ್ತು, ಈಗ ತೆಗೆದರೆ ಐಡ್ಲಿಂಗ್ (ಆಕ್ಸಿಲರೇಟರ್ ಒತ್ತದೆ ನಿಂತಾಗಿನ ಎಂಜಿನ್ ಓಟ) ಕೂರುತ್ತಿಲ್ಲ. ಕೆಲವರದ್ದು ನಿಂತಲ್ಲೇ ಕಿರುಚುತ್ತದೆ, ಕೆಲವರದ್ದು ಏರಿಳಿಯುತ್ತದೆ, ಕೆಲವರದ್ದು ಸಿಗ್ನಲ್ಲಿನಲ್ಲಿ ಆಫ್ ಆಗುತ್ತದೆ. ಈ ಸಲ ಅಂಥವನ್ನೇ ಆರಿಸಿಕೊಂಡಿದ್ದೇನೆ. ಬ್ರೇಕಿನ ಬಗ್ಗೆ ಬರೆದವರು ಮುಂದಿನ ಸಂಚಿಕೆಯವರೆಗೆ ತಾಳ್ಮೆಯಿಂದಿರಿ. ಗಾಡಿಯನ್ನೂ ಅಲ್ಲಿಯವರೆಗೆ ತೆಗೆಯಬೇಡಿ.

ಪ್ರಶ್ನೆ: ನಮ್ಮ ತೋಟದ್ದು 1997ರ ಜಿಪ್ಸಿ ಕಿಂಗ್, ಕಾರ್ಬೊರೇಟರ್ ಎಂಜಿನ್. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಸರಿಯಾಗಿಯೇ ಇರುತ್ತದೆ. ಬಿಸಿಯಾದ ಮೇಲೆ ನ್ಯೂಟ್ರಲ್‌ನಲ್ಲಿ ನಿಂತಲ್ಲೇ ರೇಸ್ (ಎಂಜಿನ್ ತಿರುಗುವ ವೇಗ) ಏರುತ್ತದೆ. ಗ್ಯಾರೇಜಿನಲ್ಲಿ ಮೀಟರ್ ಹಾಕಿ ನೋಡಿದಾಗ ನಿಮಿಷಕ್ಕೆ 1,800 ಸುತ್ತು ತೋರಿಸಿತು. ಆಕ್ಸಿಲರೇಟರಿಗೆ ಒಮ್ಮೆ ಜೋರಾಗಿ ಒದ್ದರೆ ಕೆಲವು ಸಲ ಇಳಿಯುತ್ತದೆ. ಗ್ಯಾರೇಜಿನವರು ಸ್ಕ್ರೂ ತಿರುಗಿಸಿ ಕಡಿಮೆ ಮಾಡಿಕೊಟ್ಟರು. ಮರುದಿನ ಮಾದಾಪುರದ ಏರಿನಲ್ಲಿ ಗೇರ್ ಬದಲಿಸುವಾಗ ಆಫ್ ಆಯಿತು. ಮತ್ತೆ ಏರಿಸಿಕೊಟ್ಟರು. ಈಗ ಕಾರ್ಬೊರೇಟರನ್ನೇ ಬದಲಿಸಿ ಅನ್ನುತ್ತಿದ್ದಾರೆ. ಏನು ಮಾಡಲಿ ಅಣ್ಣಾ?
— ತೋಟದ ರೈಟರ್ (ಗುಮಾಸ್ತ), ಸೋಮವಾರಪೇಟೆ ಕಡೆ

ಉತ್ತರ: ರೈಟರೇ, ಕಾರ್ಬೊರೇಟರ್ ಬದಲಿಸುವ ಮಾತನ್ನು ಸದ್ಯಕ್ಕೆ ಮರೆತುಬಿಡಿ. ಕಂಪನಿಯ ಮೂಲ ಕಾರ್ಬೊರೇಟರ್ ಎಷ್ಟೇ ಹಳೆಯದಾಗಿರಲಿ, ಶಾಫ್ಟ್ ಸವೆಯದಿದ್ದರೆ ಅದನ್ನು ಕ್ಲೀನ್ ಮಾಡಿ ಕೂರಿಸುವುದೇ ಮೇಲು. ಡಬ್ಬಿಯಲ್ಲಿ ಹೊಸದಾಗಿ ಬರುವ ಡೂಪ್ಲಿಕೇಟ್ ಹಾಕಿಸಿಕೊಂಡವರು ಆಮೇಲೆ ಹಳೆಯದನ್ನು ಗುಜರಿಯಲ್ಲಿ ಹುಡುಕುವುದನ್ನು ಬೇಕಾದಷ್ಟು ನೋಡಿದ್ದೇನೆ.

ನೀವು ಬರೆದಿರುವುದರಲ್ಲೇ ಎರಡು ಸುಳಿವುಗಳಿವೆ. ಒದ್ದರೆ ಇಳಿಯುತ್ತದೆ ಅನ್ನುವುದು ಒಂದು. ಕಡಿಮೆ ಮಾಡಿದರೆ ಆಫ್ ಆಗುತ್ತದೆ ಅನ್ನುವುದು ಇನ್ನೊಂದು. ಇವೆರಡೂ ಬೇರೆ ಬೇರೆ ಕಾಯಿಲೆ. ಒಂದೇ ಗಾಡಿಗೆ ಒಟ್ಟಿಗೆ ಬಂದಿವೆ, ಒಂದೇ ಸ್ಕ್ರೂನಲ್ಲಿ ಎರಡನ್ನೂ ವಾಸಿ ಮಾಡಲು ಹೊರಟಿದ್ದಾರೆ.

ಮೊದಲನೆಯದನ್ನು ನೀವೇ ಪತ್ತೆ ಮಾಡಬಹುದು. ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಡಿ. ಎಂಜಿನ್ ಬಿಸಿಯಾಗಿ ರೇಸ್ ಏರಿದಾಗ ಬಾನೆಟ್ ಎತ್ತಿ. ಆಕ್ಸಿಲರೇಟರ್ ಕೇಬಲ್ ಬಂದು ಸೇರುವ ಕಡೆ ಕಾರ್ಬೊರೇಟರಿನ ಪಕ್ಕದಲ್ಲಿ ಒಂದು ತುಂಡು ಲಿವರ್ ಇದೆ. ಅದನ್ನು ಬೆರಳಿನಿಂದ ಮುಚ್ಚುವ ದಿಕ್ಕಿಗೆ ಒತ್ತಿ. ಫ್ಯಾನಿನ ಹತ್ತಿರ ತೋಳು, ಶಾಲು ತರಬೇಡಿ. ಒತ್ತಿದ ತಕ್ಷಣ ರೇಸ್ ಇಳಿಯಿತೋ, ಬಟರ್‌ಫ್ಲೈ (ಕಾರ್ಬೊರೇಟರಿನಲ್ಲಿ ಗಾಳಿಯ ದಾರಿ ತೆರೆದು ಮುಚ್ಚುವ ತಟ್ಟೆ) ತಾನಾಗಿ ಪೂರ್ತಿ ಮುಚ್ಚುತ್ತಿಲ್ಲ ಎಂದರ್ಥ. ಆಗ ಈ ಮೊದಲ ಕಾಯಿಲೆಗೆ ಕಾರ್ಬೊರೇಟರಿನ ಒಳಗೆ ಕೈ ಹಾಕುವ ಅಗತ್ಯವೇ ಇಲ್ಲ. ಕೇಬಲ್ ಬಿಚ್ಚಿ ಕೈಯಲ್ಲಿ ಎಳೆದು ನೋಡಿ. ಕಕ್ಕಡದ (ಜುಲೈ-ಆಗಸ್ಟ್) ಮಳೆಯಲ್ಲಿ ನಮ್ಮ ಕಡೆ ಕೇಬಲ್ಲಿನ ಒಳಗಿನ ತಂತಿ ತುಕ್ಕು ಹಿಡಿದು ಒರಟಾಗುತ್ತದೆ. ಎಳೆದರೆ ಬರುತ್ತದೆ, ಬಿಟ್ಟರೆ ವಾಪಸ್ ಹೋಗುವುದಿಲ್ಲ. ಎಂಜಿನ್ ಮೇಲೆ ಹಾದುಹೋಗುವ ಕಡೆ ಹೊರಕವಚ ಬಿಸಿಗೆ ಕರಗಿ ಬಿಗಿಯಾಗುವುದೂ ಉಂಟು. ಅಂಥದ್ದು ತಣ್ಣಗಿದ್ದಾಗ ಸಲೀಸಾಗಿರುತ್ತದೆ, ಬಿಸಿಯಾದಾಗ ಹಿಡಿಯುತ್ತದೆ. ನಿಮ್ಮದು ಬಿಸಿಯಾದ ಮೇಲೆಯೇ ಏರುವುದರಿಂದ ಮೊದಲು ಆ ಜಾಗವನ್ನೇ ನೋಡಿ. ಕೇಬಲ್ಲಿಗೆ ಒಂದಿಷ್ಟು ಸಡಿಲ ಇರಲೇಬೇಕು. ಪಿಕಪ್ ಚೆನ್ನಾಗಿರಲಿ ಎಂದು ತಂತಿಯಂತೆ ಬಿಗಿದು ಕಟ್ಟುವವರು ಇದ್ದಾರೆ. ಎಂಜಿನ್ ತನ್ನ ಮೌಂಟಿನ ಮೇಲೆ ಅಲ್ಲಾಡಿದಾಗೆಲ್ಲ ಆ ಬಿಗಿ ಕೇಬಲ್ ರೇಸ್ ಎಳೆಯುತ್ತದೆ.

ಚೋಕ್ ಕೇಬಲ್ಲಿಗೂ ಇದೇ ಮಾತು. ಚೋಕ್ ಎಳೆದಾಗ ರೇಸ್ ಸ್ವಲ್ಪ ಏರಿಸಲು ಒಂದು ಕ್ಯಾಮ್ ಕೊಟ್ಟಿರುತ್ತಾರೆ. ಡ್ಯಾಶ್‌ಬೋರ್ಡಿನ ಗುಂಡಿಯನ್ನು ನೀವು ಒಳಗೆ ತಳ್ಳಿರಬಹುದು, ಅತ್ತ ತುದಿಯಲ್ಲಿ ಆ ಕ್ಯಾಮ್ ಅರ್ಧದಲ್ಲೇ ನಿಂತಿರಬಹುದು. ಅದರ ಮೇಲೆ ಕೂತ ಲಿವರ್ ಒದ್ದಾಗ ಜಾರುತ್ತದೆ. ಏರ್ ಕ್ಲೀನರ್ ಮುಚ್ಚಳ ತೆಗೆದು ಒಬ್ಬರಿಗೆ ಗುಂಡಿ ಎಳೆದು ತಳ್ಳಲು ಹೇಳಿ, ನೀವು ಮೇಲಿಂದ ನೋಡಿದರೆ ಕ್ಷಣದಲ್ಲಿ ಗೊತ್ತಾಗುತ್ತದೆ.

ಲಿವರ್ ಒತ್ತಿದರೂ ರೇಸ್ ಇಳಿಯಲಿಲ್ಲವೇ? ಹಾಗಿದ್ದರೆ ಬಟರ್‌ಫ್ಲೈ ಸ್ಕ್ರೂನ ಮೇಲೆ ಕೂತಿದೆ, ಅಥವಾ ಗಾಳಿ ಬೇರೆ ದಾರಿಯಲ್ಲಿ ಒಳಗೆ ಹೋಗುತ್ತಿದೆ. ಗ್ಯಾರೇಜಿನವರು ತಿರುಗಿಸಿದ ಆ ಐಡಲ್ ಸ್ಕ್ರೂ ಎಷ್ಟು ಸುತ್ತು ಬಿಚ್ಚಿದಿರಿ ಎಂದು ಲೆಕ್ಕವಿಟ್ಟುಕೊಂಡು, ಲಿವರಿಗೆ ತಾಗದಷ್ಟು ಪೂರ್ತಿ ಬಿಚ್ಚಿ. ಬಟರ್‌ಫ್ಲೈ ಮುಚ್ಚಿದ ಆರೋಗ್ಯವಂತ ಎಂಜಿನ್ ಆಗ ಏದುಸಿರು ಬಿಟ್ಟು ಆಫ್ ಆಗಬೇಕು. ಆಫ್ ಆಗದೆ ಓಡುತ್ತಲೇ ಇದ್ದರೆ ಎಲ್ಲಿಂದಲೋ ಏರ್ ಎಳೆಯುತ್ತಿದೆ.

ಎಲ್ಲಿಂದ? ಜಾಗಗಳು ಕೆಲವೇ. ಕಾರ್ಬೊರೇಟರ್ ಕೆಳಗಿನ ಪ್ಯಾಕಿಂಗ್. ಮ್ಯಾನಿಫೋಲ್ಡ್ (ಕಾರ್ಬೊರೇಟರಿನಿಂದ ಎಂಜಿನ್‌ಗೆ ಮಿಶ್ರಣ ಹೋಗುವ ಕೊಳವೆ) ಮತ್ತು ಹೆಡ್ ನಡುವಿನ ಗ್ಯಾಸ್ಕೆಟ್. ಬ್ರೇಕಿಗೆ ಬಲ ಕೊಡುವ ಬೂಸ್ಟರಿಗೆ ಹೋಗುವ ದಪ್ಪ ಪೈಪ್. ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿಗೆ ಹೋಗುವ ಸಣ್ಣ ವ್ಯಾಕ್ಯೂಮ್ ಪೈಪ್. ಟ್ಯಾಪೆಟ್ ಕವರಿನಿಂದ ಮ್ಯಾನಿಫೋಲ್ಡಿಗೆ ಬರುವ ಬ್ರೀದರ್ ಪೈಪ್. ಒಂದೊಂದೇ ಪೈಪನ್ನು ಬಟ್ಟೆ ಸುತ್ತಿದ ಪ್ಲಯರಿನಿಂದ ಹಿಸುಕುತ್ತಾ ಹೋಗಿ. ಯಾವುದನ್ನು ಹಿಸುಕಿದಾಗ ಎಂಜಿನ್ ಸದ್ದು ಬದಲಾಯಿತೋ ಅದರ ಹಿಂದೆ ಹೋಗಿ. ನಮ್ಮ ಶೆಡ್ಡುಗಳಲ್ಲಿ ಈ ಕೆಲಸ ಮಾಡುವುದು ಇಲಿ. ಭತ್ತದ ಮೂಟೆ, ಕಾಫಿ ಚೀಲದ ಪಕ್ಕ ಗಾಡಿ ನಿಲ್ಲಿಸಿ ಬೀಗ ಹಾಕುತ್ತೇವಲ್ಲ, ಬೆಚ್ಚಗಿನ ಎಂಜಿನ್ ಮೇಲೆ ಇಲಿ ಬಂದು ಮಲಗುತ್ತದೆ. ಹೋದ ವರ್ಷ ನನ್ನ ಹತ್ತಿರ ಬಂದ ಜಿಪ್ಸಿಯೊಂದರಲ್ಲಿ ಬೂಸ್ಟರ್ ಪೈಪಿನ ಅಡಿಭಾಗದಲ್ಲಿ, ಮೇಲಿಂದ ನೋಡಿದರೆ ಕಾಣದ ಜಾಗದಲ್ಲಿ, ಹೆಬ್ಬೆರಳಿನ ಉಗುರಿನಷ್ಟು ತಿಂದಿತ್ತು. ಅಂಚಿನಲ್ಲಿ ಹಲ್ಲಿನ ಗುರುತು ಸಾಲಾಗಿ ಕಾಣುತ್ತಿತ್ತು. ಅದಕ್ಕೆ ಅವರು ಮಾಡಿಸಿದ್ದು ಹೊಸ ಪ್ಲಗ್, ಹೊಸ ಕಾಯಿಲ್, ಕಾರ್ಬೊರೇಟರ್ ಕಿಟ್. ಆದ್ದರಿಂದ ಪೈಪಿನ ಅಡಿಯನ್ನು ಬೆರಳಿನಿಂದ ಸವರಿ ನೋಡಿ, ಕಣ್ಣನ್ನು ನಂಬಬೇಡಿ.

ಬೂಸ್ಟರಿಗೆ ಇನ್ನೊಂದು ಪರೀಕ್ಷೆ ಇದೆ. ಎಂಜಿನ್ ಆಫ್ ಮಾಡಿ ಬ್ರೇಕ್ ಪೆಡಲನ್ನು ಗಟ್ಟಿಯಾಗುವವರೆಗೆ ನಾಲ್ಕಾರು ಸಲ ತುಳಿಯಿರಿ. ಕಾಲು ಎತ್ತದೆ ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗಿಳಿಯಬೇಕು. ಇಳಿಯದಿದ್ದರೆ ಪೈಪೋ ಬೂಸ್ಟರೋ ಕೆಟ್ಟಿದೆ. ಆಗ ಐಡ್ಲಿಂಗ್ ಚಿಂತೆ ಬಿಟ್ಟು ಮೊದಲು ಬ್ರೇಕ್ ಸರಿ ಮಾಡಿಸಿ. ಈ ಘಾಟಿಗಳಲ್ಲಿ ಅದು ತಮಾಷೆಯಲ್ಲ.

ಪ್ಯಾಕಿಂಗ್ ಸೋರುವುದನ್ನು ಹುಡುಕಲು ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಚಿಮುಕಿಸುವ ಪದ್ಧತಿ ಇನ್ನೂ ಇದೆ. ದಯವಿಟ್ಟು ಬೇಡ. ಹೊಗೆ ಹೊರಹೋಗುವ ಸೈಲೆನ್ಸರ್ ಮ್ಯಾನಿಫೋಲ್ಡ್ ಕೆಂಡವಾಗಿರುತ್ತದೆ. ಕಾರ್ಬೊರೇಟರ್ ಸ್ಪ್ರೇ ಕೂಡ ಹೊತ್ತಿಕೊಳ್ಳುವಂಥದ್ದೇ. ಬಾಟಲಿಯಲ್ಲಿ ನೀರು ತುಂಬಿ ಸಣ್ಣಗೆ ಸ್ಪ್ರೇ ಮಾಡಿ, ವೈರು, ಡಿಸ್ಟ್ರಿಬ್ಯೂಟರ್ ಕಡೆ ಬಿಟ್ಟು. ಸೋರುವ ಜಾಗಕ್ಕೆ ನೀರು ತಾಗಿದ ಕ್ಷಣ ಸದ್ದು ಬದಲಾಗುತ್ತದೆ.

ಈಗ ನಿಮ್ಮ ಎರಡನೆಯ ಕಾಯಿಲೆ, ರೇಸ್ ಕಡಿಮೆ ಮಾಡಿದರೆ ಆಫ್ ಆಗುವುದು. ಗ್ಯಾರೇಜಿನವರು ಇದನ್ನು ಅರ್ಥ ಮಾಡಿಕೊಳ್ಳದಿರುವುದರಿಂದಲೇ ನೀವು ಅತ್ತಿಂದಿತ್ತ ಅಲೆಯುತ್ತಿದ್ದೀರಿ. ಐಡ್ಲಿಂಗಿಗೆ ಕಾರ್ಬೊರೇಟರಿನಲ್ಲಿ ಬೇರೆಯದೇ ಸಣ್ಣ ದಾರಿ ಇದೆ, ಅದರ ಬಾಯಲ್ಲಿ ಪೈಲಟ್ ಜೆಟ್. ಅದರ ತೂತು ಕೂದಲೆಳೆಗಿಂತ ತುಸು ದಪ್ಪ ಅಷ್ಟೆ. ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ಪೆಟ್ರೋಲ್ ಆರಿ ಅಂಟಾಗಿ ಮೊದಲು ಮುಚ್ಚಿಕೊಳ್ಳುವುದು ಅದೇ. ಆಗ ಐಡ್ಲಿಂಗಿಗೆ ಬೇಕಾದ ಪೆಟ್ರೋಲ್ ಬರುವುದಿಲ್ಲ. ಮೆಕ್ಯಾನಿಕ್ ಸ್ಕ್ರೂ ತಿರುಗಿಸಿ ಬಟರ್‌ಫ್ಲೈಯನ್ನೇ ಸ್ವಲ್ಪ ತೆರೆಯುತ್ತಾನೆ. ಬಟರ್‌ಫ್ಲೈ ಅಂಚು ಮೇಲೆ ಸರಿದಾಗ ಅದರ ಹಿಂದಿನ ಇನ್ನೊಂದು ತೂತು ಬಾಯಿ ಬಿಟ್ಟು ಪೆಟ್ರೋಲ್ ಕೊಡುತ್ತದೆ. ಜೊತೆಗೆ ಡಿಸ್ಟ್ರಿಬ್ಯೂಟರಿನ ವ್ಯಾಕ್ಯೂಮ್ ತೂತೂ ತೆರೆದು ಟೈಮಿಂಗ್ (ಪ್ಲಗ್ ಕಿಡಿ ಹಾರುವ ಸಮಯ) ಮುಂದಕ್ಕೆ ಹೋಗುತ್ತದೆ. ಟೈಮಿಂಗ್ ಮುಂದಾದರೆ ರೇಸ್ ಏರುತ್ತದೆ, ರೇಸ್ ಏರಿದರೆ ಎಳೆತ ಹೆಚ್ಚುತ್ತದೆ, ಇಳಿಯಲು ಒಲ್ಲೆ ಅನ್ನುತ್ತದೆ. ತಣ್ಣಗಿನ ಎಂಜಿನ್ ಬಿಗಿಯಾಗಿರುವುದರಿಂದ ಈ ತೆರೆದ ಬಟರ್‌ಫ್ಲೈಯಲ್ಲಿ 900ರಲ್ಲಿ ಕೂತಂತೆ ಕಾಣುತ್ತದೆ. ಬಿಸಿಯಾದರೆ 1,800. ಬೆಳಿಗ್ಗೆ ಸರಿ ಇತ್ತು ಎಂದು ನೀವು ಬರೆದಿರುವುದು ಅದಕ್ಕೇ.

ಹಾಗಾಗಿ ಪೈಲಟ್ ಜೆಟ್ ಬಿಚ್ಚಿ ಸ್ಪ್ರೇ ಹಾಕಿ, ಕಂಪ್ರೆಸರ್ ಗಾಳಿ ಹೊಡೆಸಿ. ಸೂಜಿ, ತಂತಿ ತೂರಿಸಬೇಡಿ, ತೂತು ದೊಡ್ಡದಾದರೆ ಮತ್ತೆ ಚಿಕ್ಕದಾಗುವುದಿಲ್ಲ. ಕಾರ್ಬೊರೇಟರಿಗೆ ವೈರ್ ಬಂದು ಸೇರುವ ಸಣ್ಣ ಸಾಲಿನಾಯ್ಡ್ (ಕರೆಂಟಿನಿಂದ ಐಡ್ಲಿಂಗ್ ದಾರಿ ತೆರೆಯುವ ಭಾಗ) ಇದ್ದರೆ, ಕೀ ಆನ್ ಮಾಡಿದಾಗ ಟಿಕ್ ಅನ್ನಬೇಕು. ಅನ್ನದಿದ್ದರೆ ಆ ದಾರಿ ಮುಚ್ಚಿಯೇ ಇದೆ. ಮೊದಲು ವೈರಿನ ತುದಿಯ ತುಕ್ಕು ಕೆರೆದು ನೋಡಿ. ಇಷ್ಟಾದ ಮೇಲೆ, ಐಡ್ಲಿಂಗಿಗೆ ಬರುವ ಪೆಟ್ರೋಲ್ ಹೆಚ್ಚು ಕಡಿಮೆ ಮಾಡುವ ಮಿಕ್ಸ್‌ಚರ್ ಸ್ಕ್ರೂವನ್ನು ಮೆಲ್ಲಗೆ ತಳ ಮುಟ್ಟಿಸಿ, ಎರಡು ಸುತ್ತು ಬಿಚ್ಚಿ ಸ್ಟಾರ್ಟ್ ಮಾಡಿ. ಗಾಡಿ ಬಿಸಿಯಾದ ಮೇಲೆ, ಲೈಟು, ಫ್ಯಾನು ಆಫ್ ಇಟ್ಟು, ಎಂಜಿನ್ ಅತ್ಯಂತ ನಯವಾಗಿ ಓಡುವ ಜಾಗಕ್ಕೆ ತನ್ನಿ. ಕೊನೆಗೆ ಐಡಲ್ ಸ್ಕ್ರೂನಲ್ಲಿ 850-900ಕ್ಕೆ ಕೂರಿಸಿ. ಕೊನೆಗೆ ಮುಟ್ಟಬೇಕಾದ ಸ್ಕ್ರೂ ಅದು. ನಿಮ್ಮ ಗ್ಯಾರೇಜಿನವರು ಅದರಿಂದಲೇ ಶುರು ಮಾಡಿದ್ದಾರೆ.

ಪ್ರಶ್ನೆ: 2004ರ ಆಲ್ಟೊ ಇದೆ. ಬೇಸಿಗೆಯಲ್ಲಿ ಮೈಸೂರಿಗೆ ಹೋಗುವಾಗ ಬಿಸಿ ಏರಿತೆಂದು ಒಂದು ಗ್ಯಾರೇಜಿನಲ್ಲಿ ತೋರಿಸಿದೆ. ನಮ್ಮೂರಿಗೆ ಥರ್ಮೋಸ್ಟ್ಯಾಟ್ ಬೇಕಾಗಿಲ್ಲ ಎಂದು ತೆಗೆದುಹಾಕಿದರು. ಈಗ ಬಿಸಿ ಏರುವುದಿಲ್ಲ, ಆದರೆ ಐಡ್ಲಿಂಗ್ ಯಾವಾಗಲೂ ಜಾಸ್ತಿ, ಪೆಟ್ರೋಲೂ ಜಾಸ್ತಿ ಕುಡಿಯುತ್ತದೆ. ಕೆಲವೊಮ್ಮೆ 1,000ದಿಂದ 2,000ಕ್ಕೆ ಹತ್ತಿ ಇಳಿದು ಮಾಡುತ್ತದೆ. ಎರಡಕ್ಕೂ ಸಂಬಂಧವಿದೆಯೇ?
— ಶಿಕ್ಷಕಿ, ಗೋಣಿಕೊಪ್ಪಲು

ಉತ್ತರ: ಸಂಬಂಧ ಇದೆ ಟೀಚರ್. ಬಿಸಿ ಊರಿಗಿಂತ ನಮ್ಮಂಥ ತಂಪು ಊರಿಗೇ ಥರ್ಮೋಸ್ಟ್ಯಾಟ್ ಹೆಚ್ಚು ಬೇಕು. ಎಂಜಿನ್ 80 ಡಿಗ್ರಿ ದಾಟುವವರೆಗೆ ರೇಡಿಯೇಟರಿನ ದಾರಿ ಮುಚ್ಚಿಟ್ಟು ಬೇಗ ಬಿಸಿ ಮಾಡುವುದೇ ಅದರ ಕೆಲಸ. ತೆಗೆದುಬಿಟ್ಟರೆ ಗೋಣಿಕೊಪ್ಪದ ಮಳೆಯಲ್ಲಿ ಎಂಜಿನ್ ಎಂದೂ ಸರಿಯಾಗಿ ಬಿಸಿಯಾಗುವುದಿಲ್ಲ. ನಿಮ್ಮದು ಎಂಪಿಎಫ್‌ಐ ಗಾಡಿ, ಅಂದರೆ ಕಾರ್ಬೊರೇಟರ್ ಬದಲು ಕಂಪ್ಯೂಟರ್ ಹೇಳಿದಷ್ಟು ಪೆಟ್ರೋಲ್ ಚಿಮುಕಿಸುವಂಥದ್ದು. ಎಂಜಿನ್ ತಣ್ಣಗಿದೆ ಎಂದು ಸೆನ್ಸರ್ ಹೇಳುತ್ತಲೇ ಇರುತ್ತದೆ. ಕಂಪ್ಯೂಟರ್ ಅದನ್ನು ನಂಬಿ, ಚೋಕ್ ಎಳೆದಿಟ್ಟ ಗಾಡಿಯಂತೆ ಪೆಟ್ರೋಲ್ ಹೆಚ್ಚು ಕೊಟ್ಟು ರೇಸ್ ಏರಿಸಿಯೇ ಇಡುತ್ತದೆ. ಅದು ತಪ್ಪು ಮಾಡುತ್ತಿಲ್ಲ. ಹೊಸ ಥರ್ಮೋಸ್ಟ್ಯಾಟ್ ಹಾಕಿಸಿ, ದುಬಾರಿ ಸಾಮಾನಲ್ಲ. ಕೂಲಂಟ್ ತುಂಬಿಸುವಾಗ ಒಳಗಿನ ಗಾಳಿ ಪೂರ್ತಿ ಹೊರಗೆ ಬರಲಿ. ಗಾಳಿಗುಳ್ಳೆ ಸೆನ್ಸರಿನ ಹತ್ತಿರ ಕೂತರೂ ಇದೇ ಕಾಟ. ಬೇಸಿಗೆಯಲ್ಲಿ ಬಿಸಿ ಏರಿದ್ದಕ್ಕೆ ಕಾರಣ ರೇಡಿಯೇಟರ್ ಕಟ್ಟಿಕೊಂಡಿರುವುದೋ ಫ್ಯಾನ್ ತಿರುಗದಿರುವುದೋ ಇರಬೇಕು. ಅದನ್ನು ಯಾರೂ ನೋಡಿಲ್ಲ. ನೋಡಿಸಿ, ಇಲ್ಲದಿದ್ದರೆ ಮುಂದಿನ ಏಪ್ರಿಲ್‌ನಲ್ಲಿ ಮತ್ತೆ ಅದೇ ಕಥೆ.

ಹತ್ತಿ ಇಳಿಯುವುದು ಬೇರೆ ಲಕ್ಷಣ. ಎಲ್ಲೋ ಹೆಚ್ಚುವರಿ ಗಾಳಿ ಒಳಗೆ ಹೋಗಿ ರೇಸ್ ಏರುತ್ತದೆ. ಕಾಲು ಆಕ್ಸಿಲರೇಟರ್ ಮೇಲಿಲ್ಲ, ಆದರೂ ರೇಸ್ ಜಾಸ್ತಿ ಇದೆ, ಅಂದರೆ ಗಾಡಿ ಇಳಿಜಾರಿನಲ್ಲಿದೆ ಎಂದುಕೊಂಡು ಕಂಪ್ಯೂಟರ್ ಪೆಟ್ರೋಲ್ ನಿಲ್ಲಿಸುತ್ತದೆ. ರೇಸ್ ಬಿದ್ದಾಗ ಮತ್ತೆ ಕೊಡುತ್ತದೆ, ಮತ್ತೆ ಏರುತ್ತದೆ. ಮೇಲೆ ರೈಟರಿಗೆ ಹೇಳಿದ ಪೈಪುಗಳ ಪರೀಕ್ಷೆಯನ್ನೇ ಮಾಡಿಸಿ. ಜೊತೆಗೆ ಥ್ರಾಟಲ್ ಬಾಡಿ ಮತ್ತು ಐಡಲ್ ವಾಲ್ವಿನ ಮಸಿ ತೊಳೆಸಿ. ಥ್ರಾಟಲ್ ಬಾಡಿಯಲ್ಲಿ ಬಣ್ಣ ಹಚ್ಚಿ ಸೀಲ್ ಮಾಡಿದ ಸಣ್ಣ ಸ್ಕ್ರೂ ಕಂಡರೆ ಯಾರಿಗೂ ತಿರುಗಿಸಲು ಬಿಡಬೇಡಿ. ಬ್ಯಾಟರಿ ಬಿಚ್ಚಿ ಹಾಕಿದ ಮೇಲೆ ಸ್ವಲ್ಪ ಹೊತ್ತು ಐಡ್ಲಿಂಗ್ ಹೆಚ್ಚು ಕಡಿಮೆಯಾದರೆ ಗಾಬರಿ ಬೇಡ, ಕಂಪ್ಯೂಟರ್ ಮತ್ತೆ ಕಲಿತುಕೊಳ್ಳಬೇಕು.

ಪ್ರಶ್ನೆ: ಕೆಲಸ ಸುಳ್ಯದಲ್ಲಿ, ಮನೆ ಮಡಿಕೇರಿಯಲ್ಲಿ. 1995ರ ಮಾರುತಿ 800 ಅಲ್ಲಿ ಚೆನ್ನಾಗಿರುತ್ತದೆ. ಸಂಪಾಜೆ ಘಾಟಿ ಹತ್ತಿ ಮಡಿಕೇರಿ ತಲುಪುವಾಗ ಐಡ್ಲಿಂಗ್ ನಡುಗಿ ಆಫ್ ಆಗುತ್ತದೆ. ಮಳೆಗಾಲದಲ್ಲಿ ಹೆಚ್ಚು. ಹತ್ತು ನಿಮಿಷ ನಿಲ್ಲಿಸಿದರೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಗುತ್ತದೆ.
— ಓದುಗ, ಮಡಿಕೇರಿ

ಉತ್ತರ: ಆ ಹತ್ತು ನಿಮಿಷದಲ್ಲೇ ಉತ್ತರವಿದೆ. ನಿಮ್ಮ ಕಾರ್ಬೊರೇಟರಿನೊಳಗೆ ಮಂಜುಗಡ್ಡೆ ಕಟ್ಟುತ್ತಿದೆ. ನಗಬೇಡಿ. ಪೆಟ್ರೋಲ್ ಆವಿಯಾಗುವಾಗ ಸುತ್ತಲಿನ ಶಾಖ ಹೀರುತ್ತದೆ. ಕಾರ್ಬೊರೇಟರಿನ ಗಂಟಲಿನಲ್ಲಿ ಗಾಳಿ 20 ಡಿಗ್ರಿಯಷ್ಟು ತಣ್ಣಗಾಗಬಹುದು. ಜುಲೈನ ಮಡಿಕೇರಿಯಲ್ಲಿ ಹೊರಗೇ ಹದಿನೆಂಟು ಡಿಗ್ರಿಯ ಆಸುಪಾಸು, ಗಾಳಿಯಲ್ಲಿ ನೀರು ತುಂಬಿ ತುಳುಕುತ್ತಿರುತ್ತದೆ. ಆ ತೇವ ಬಟರ್‌ಫ್ಲೈ ಅಂಚಿನಲ್ಲಿ ಗಡ್ಡೆಕಟ್ಟಿ ಐಡ್ಲಿಂಗ್ ದಾರಿ ಮುಚ್ಚುತ್ತದೆ. ಗಾಡಿ ನಿಲ್ಲಿಸಿದಾಗ ಎಂಜಿನ್ ಬಿಸಿಗೆ ಕರಗಿ ಹೋಗುತ್ತದೆ. ಮೆಕ್ಯಾನಿಕ್ ಬಂದು ನೋಡುವಾಗ ಕುರುಹೇ ಇರುವುದಿಲ್ಲ.

ಸೈಲೆನ್ಸರ್ ಮ್ಯಾನಿಫೋಲ್ಡಿನ ಬಳಿಯಿಂದ ಏರ್ ಕ್ಲೀನರಿಗೆ ಬಿಸಿಗಾಳಿ ತರುವ ಪೈಪೊಂದು ಹಳೆಯ ಗಾಡಿಗಳಲ್ಲಿ ಇರುತ್ತಿತ್ತು. ಹರಿದುಹೋದಾಗ ಎಸೆದಿರುತ್ತಾರೆ. ಅದನ್ನು ಹುಡುಕಿ ಹಾಕಿಸಿ. ಏರ್ ಕ್ಲೀನರಿನಲ್ಲಿ ಬೇಸಿಗೆ-ಚಳಿಗಾಲದ ಲಿವರ್ ಇದ್ದರೆ ಜೂನ್‌ನಿಂದ ಚಳಿಗಾಲದ ಕಡೆಗೆ ತಿರುಗಿಸಿಡಿ. ನಿಮ್ಮದರಲ್ಲೂ ಥರ್ಮೋಸ್ಟ್ಯಾಟ್ ಕಿತ್ತಿದ್ದಾರೆಯೇ ನೋಡಿ. ಕಾರ್ಬೊರೇಟರ್ ಕೆಳಗಿನ ಮ್ಯಾನಿಫೋಲ್ಡ್ ಬಿಸಿಯಾಗುವುದು ಕೂಲಂಟ್‌ನಿಂದಲೇ.

ಎತ್ತರದ್ದೂ ಒಂದು ಪಾಲಿದೆ. ಮಡಿಕೇರಿ 1,100 ಮೀಟರಿಗೂ ಮೇಲಿದೆ, ಗಾಳಿ ಸುಮಾರು ಹತ್ತನೇ ಒಂದರಷ್ಟು ತೆಳು. ಕೆಳಗೆ ಟ್ಯೂನ್ ಮಾಡಿದ ಕಾರ್ಬೊರೇಟರ್ ಇಲ್ಲಿ ಪೆಟ್ರೋಲ್ ಹೆಚ್ಚು ಕೊಟ್ಟಂತಾಗುತ್ತದೆ. ತಮಾಷೆಯೆಂದರೆ, ಈಗ ಬಂಕಿನಲ್ಲಿ ಸಿಗುವ 20 ಶೇಕಡಾ ಎಥನಾಲ್ ಬೆರೆತ ಪೆಟ್ರೋಲ್ ಹಳೆಯ ಕಾರ್ಬೊರೇಟರಿನಲ್ಲಿ ಇದಕ್ಕೆ ಉಲ್ಟಾ ಕೆಲಸ ಮಾಡುತ್ತದೆ, ಮಿಶ್ರಣವನ್ನು ತೆಳು ಮಾಡುತ್ತದೆ. ಹಾಗಾಗಿ ಮಡಿಕೇರಿಯವರಿಗೆ ಸ್ವಲ್ಪ ಸಮ ಆಗುತ್ತದೆ, ಸುಳ್ಯದಲ್ಲಿ ಅದೇ ಗಾಡಿ ಪೆಟ್ರೋಲ್ ಸಾಲದೆ ಒಣಗುತ್ತದೆ. ಎಲ್ಲಿ ಹೆಚ್ಚು ಹೊತ್ತು ಓಡಿಸುತ್ತೀರೋ ಅಲ್ಲಿ ಟ್ಯೂನ್ ಮಾಡಿಸಿ. ಆದರೆ ಆ ಪೆಟ್ರೋಲನ್ನು ಟ್ಯಾಂಕಿನಲ್ಲಿ ಅರ್ಧ ತುಂಬಿಸಿ ಮಳೆಗಾಲವಿಡೀ ನಿಲ್ಲಿಸಬೇಡಿ. ಎಥನಾಲ್ ನೀರು ಹೀರಿ ತಳಕ್ಕೆ ಕೂರುತ್ತದೆ, ಹಳೆಯ ರಬ್ಬರ್ ಪೈಪುಗಳನ್ನೂ ಉಬ್ಬಿಸುತ್ತದೆ.

ಪ್ರಶ್ನೆ: ಹಳೆಯ ಡೀಸೆಲ್ ಜೀಪ್, ನಿಂತಲ್ಲೇ ಉಯ್ಯಾಲೆ ಆಡಿದ ಹಾಗೆ ರೇಸ್ ಏರಿಳಿಯುತ್ತದೆ. ಡೀಸೆಲ್ ಚಿಮುಕಿಸುವ ನಳಿಕೆ (ನಾಝಲ್) ಸರ್ವಿಸ್ ಮಾಡಿಸಿಯಾಯಿತು.
— ವಿರಾಜಪೇಟೆ

ಉತ್ತರ: ಡೀಸೆಲ್ ಪೈಪಿನಲ್ಲಿ ಗಾಳಿ ಸೇರುತ್ತಿದೆಯೇ ಮೊದಲು ನೋಡಿ. ಫಿಲ್ಟರಿನಿಂದ ಪಂಪಿನವರೆಗೆ ಒಂದು ಗೇಣು ಪಾರದರ್ಶಕ ಪೈಪ್ ಹಾಕಿದರೆ ಗುಳ್ಳೆ ಕಾಣುತ್ತದೆ. ಗುಳ್ಳೆ ಇಲ್ಲದಿದ್ದರೆ ಪಂಪಿನ ಗವರ್ನರ್, ಅಂದರೆ ರೇಸನ್ನು ಹಿಡಿತದಲ್ಲಿಡುವ ಭಾಗ. ಕೆಲವು ಹಳೆಯ ಪಂಪುಗಳಲ್ಲಿ ಅದು ಮ್ಯಾನಿಫೋಲ್ಡಿನ ಎಳೆತದಿಂದ ನಡೆಯುತ್ತದೆ, ಒಳಗೆ ಒಂದು ಡಯಾಫ್ರಮ್ ಇರುತ್ತದೆ. ಮ್ಯಾನಿಫೋಲ್ಡಿನಿಂದ ಪಂಪಿಗೆ ಸಣ್ಣ ಪೈಪ್ ಹೋಗಿದ್ದರೆ ನಿಮ್ಮದು ಅಂಥದ್ದು. ಆ ಪೈಪ್ ಬಿರುಕು ಬಿಟ್ಟರೂ, ಡಯಾಫ್ರಮ್ ಹರಿದರೂ ಒಳಗಿನ ಸ್ಪ್ರಿಂಗ್ ಡೀಸೆಲ್ ಹೆಚ್ಚಿಸುವ ಕಡೆಗೇ ತಳ್ಳುತ್ತದೆ. ಪಂಪ್ ಅಂಗಡಿಗೆ ಹೋಗುವವರೆಗೆ ಸ್ಟಾಪ್ ಕೇಬಲ್ ಸರಿಯಿದೆಯೇ ಖಚಿತ ಮಾಡಿಕೊಳ್ಳಿ. ರೇಸ್ ಕೈಮೀರಿದರೆ ಕೀ ತೆಗೆದರೂ ಇಂಥ ಎಂಜಿನ್ ನಿಲ್ಲುವುದಿಲ್ಲ. ಆಗ ಸ್ಟಾಪ್ ಎಳೆಯಿರಿ. ಆಗದಿದ್ದರೆ ಬ್ರೇಕ್ ಗಟ್ಟಿ ತುಳಿದು ಟಾಪ್ ಗೇರ್ ಹಾಕಿ ಕ್ಲಚ್ ಬಿಡಿ. ಬಾನೆಟ್ ಎತ್ತಿ ಏರ್ ಕ್ಲೀನರಿನ ಬಾಯಿಗೆ ಅಂಗೈ ಇಡಲು ಹೋಗಬೇಡಿ.

ಪ್ರಶ್ನೆ: ಅಪ್ಪನ ಬಜಾಜ್ ಚೇತಕ್ ನಿಂತಲ್ಲೇ ಕಿರುಚುತ್ತದೆ. ಪೆಟ್ರೋಲ್ ಕಾಕ್ ಬಂದ್ ಮಾಡಿದರೆ ಇನ್ನೂ ಜೋರಾಗಿ ಕಿರುಚಿ ಆಮೇಲೆ ಆಫ್ ಆಗುತ್ತದೆ.
— ಕುಶಾಲನಗರ

ಉತ್ತರ: ಪೆಟ್ರೋಲ್ ಕಡಿಮೆಯಾಗುವಾಗ ರೇಸ್ ಏರುವುದು ಆ ಎರಡು ಸ್ಟ್ರೋಕ್ ಗಾಡಿಯ ಹುಟ್ಟುಗುಣ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ನಿಂತಲ್ಲೇ ಕಿರುಚುವುದಕ್ಕೆ ಕೇಬಲ್, ಕಾರ್ಬೊರೇಟರ್ ಪ್ಯಾಕಿಂಗ್ ನೋಡಿ. ಎರಡೂ ಸರಿಯಿದ್ದರೆ ಮ್ಯಾಗ್ನೆಟ್ ಕಡೆಯ ಕ್ರ್ಯಾಂಕ್ ಆಯಿಲ್ ಸೀಲ್. ಅಲ್ಲಿಂದ ಏರ್ ಎಳೆಯುತ್ತಿರುತ್ತದೆ. ಸೈಲೆನ್ಸರಿನಲ್ಲಿ ಬಿಳಿ ಹೊಗೆ ದಟ್ಟವಾಗಿ ಬಂದು ಗೇರ್ ಆಯಿಲ್ ಕಡಿಮೆಯಾಗುತ್ತಿದ್ದರೆ ಕ್ಲಚ್ ಕಡೆಯ ಸೀಲೂ ಹೋಗಿದೆ, ಎರಡನ್ನೂ ಒಟ್ಟಿಗೆ ಹಾಕಿಸಿ. ಸೀಲ್ ಬದಲಿಸುವವರೆಗೆ ದೂರ ಓಡಿಸಬೇಡಿ. ಗಾಳಿ ಹೆಚ್ಚಾಗಿ ಪೆಟ್ರೋಲಿನೊಂದಿಗೆ ಬರುವ ಎಣ್ಣೆ ಸಾಲದೆ ಪಿಸ್ಟನ್ ಹಿಡಿದುಕೊಂಡರೆ ಬೋರಿಂಗ್ ಖರ್ಚು ಬೇರೆ.